ಊರು ಬದಲಿಸುವವರ ಪ್ರಶ್ನೆಗಳಿಗೆ ಅರಸೀಕೆರೆಯಿಂದ ಉತ್ತರ

ಖರ್ಚು ಕಡಿಮೆ ಇರಬೇಕು, ಇರಲಿಕ್ಕೆ ಮನಸ್ಸೂ ಆಗಬೇಕು, ಅಂಥ ಊರು ಯಾವುದು ಹೇಳಿ ಎಂಬ ಪತ್ರಗಳೇ ಈ ಸಲ ಹೆಚ್ಚು. ಬಹುಪಾಲು ಬೆಂಗಳೂರಿನವು. ನಾನು ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ವರ್ಗಾವಣೆಯ ಪುಣ್ಯದಿಂದ ಧಾರವಾಡ, ಸಾಗರ, ಕುಂದಾಪುರ, ತುಮಕೂರು, ದಾವಣಗೆರೆಗಳಲ್ಲಿ ಬಾಡಿಗೆ ಮನೆ ಹಿಡಿದು, ಪಾತ್ರೆಪಡಗ ಜೋಡಿಸಿ, ಮತ್ತೆ ಗಂಟುಕಟ್ಟಿದವಳು. ಸಂಪಾದಕರು ಈ ಕಂತನ್ನು ನನಗೆ ವಹಿಸಿದ್ದು ಅದಕ್ಕೇ ಇರಬೇಕು. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ, ಬೇಸರ ಬೇಡ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಉದ್ಯೋಗಿ. ತಿಂಗಳಿಗೆ 4 ದಿನ ಕಚೇರಿಗೆ ಹೋದರೆ ಸಾಕು, ಅದೂ ಒಟ್ಟಿಗೆ. ವೈಟ್‌ಫೀಲ್ಡ್‌ನಲ್ಲಿ ಬಾಡಿಗೆ 34,000, ಮೇಂಟೆನೆನ್ಸ್ 4,500. ಮಗಳು 3ನೇ ತರಗತಿ. ಹಾಸನ, ಶಿವಮೊಗ್ಗ, ಧಾರವಾಡ ಈ ಮೂರರಲ್ಲಿ ಯಾವುದು ಅಗ್ಗ, ಯಾವುದು ಚೆಂದ? ಕಚೇರಿಗೆ ಹೋಗಿಬರಲು ವಂದೇ ಭಾರತ್ ರೈಲು ಆಗುತ್ತದೆಯೇ? ಹೆಂಡತಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್, ಅವಳು ಕೆಲಸ ಬಿಡಬೇಕಾಗುತ್ತದೆ.
– ಓದುಗರೊಬ್ಬರು, ವೈಟ್‌ಫೀಲ್ಡ್

ಉತ್ತರ: ಪತ್ರದ ಮುಖ್ಯ ಸಂಗತಿಯನ್ನು ಕೊನೆಯ ಸಾಲಿಗೆ ತಳ್ಳಿದ್ದೀರಲ್ಲ! ನೀವು ಹೇಳಿದ ಮೂರೂ ಊರುಗಳಲ್ಲಿ ಎರಡು ಬೆಡ್‌ರೂಮಿನ ಮನೆ ನಿಮ್ಮ ಈಗಿನ ಬಾಡಿಗೆಯ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಆದರೆ ಅಲ್ಲಿ ಉಳಿದದ್ದು ನಿಮ್ಮ ಹೆಂಡತಿಯ ಸಂಬಳ ನಿಂತಾಗ ಹೋಗುತ್ತದೆ. ಜೊತೆಗೆ, ಪ್ರತಿದಿನ ಮನೆಯಿಂದ ಹೊರಗೆ ಹೋಗಿ ನಾಲ್ಕು ಜನರ ಜೊತೆ ಕೆಲಸ ಮಾಡಿ ಬರುತ್ತಿದ್ದವರು ಗೊತ್ತಿಲ್ಲದ ಊರಿನಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕು. ನೀವು ಒಳಗೆ ಕೋಣೆಯಲ್ಲಿ ಮೀಟಿಂಗ್ ಮಾಡುತ್ತೀರಿ, ಆಕೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಲೂ ನಿಮ್ಮನ್ನು ಕೇಳಬೇಕು. ಇಂಥ ಮನೆಗಳನ್ನು ನಾನು ನೋಡಿದ್ದೇನೆ.

ಆದ್ದರಿಂದ ಮೊದಲು ಆಕೆಗೆ ಕೆಲಸ ಸಿಗುವ ಊರು ಯಾವುದು ನೋಡೋಣ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಶಿವಮೊಗ್ಗದಲ್ಲಿಯೂ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಆದರೆ ಹುಬ್ಬಳ್ಳಿ–ಧಾರವಾಡ ಎರಡು ಊರು ಸೇರಿದ ಒಂದು ನಗರ. ಹುಬ್ಬಳ್ಳಿಯಲ್ಲಿ ಜನ ಈಗಲೂ ಕಿಮ್ಸ್ ಎನ್ನುವ ದೊಡ್ಡ ಸರ್ಕಾರಿ ಆಸ್ಪತ್ರೆ, ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ, ಇವುಗಳ ಸುತ್ತ ಲೆಕ್ಕವಿಲ್ಲದಷ್ಟು ನರ್ಸಿಂಗ್ ಹೋಮು, ಲ್ಯಾಬು. ಎರಡೂ ಊರುಗಳ ನಡುವೆ ಸುಮಾರು 20 ಕಿ.ಮೀ. ದೂರಕ್ಕೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸು 2018ರಿಂದ ಇದೆ. ಧಾರವಾಡದಲ್ಲಿ ಮನೆ ಮಾಡಿ ಹುಬ್ಬಳ್ಳಿಯಲ್ಲಿ ನೌಕರಿ ಮಾಡುವವರು ಸಾವಿರಾರು ಜನ. ನನ್ನ ಮತ ಧಾರವಾಡಕ್ಕೆ.

ನಿಮ್ಮ 4 ದಿನದ ಕಚೇರಿಗೆ ವಂದೇ ಭಾರತ್ ಬಗ್ಗೆ ಕೇಳಿದ್ದೀರಿ. 2023ರಿಂದ ಅದು ಓಡುತ್ತಿರುವುದು ನಿಜ, ಆದರೆ ಹಗಲಿನ ರೈಲು, ಒಂದು ಕೆಲಸದ ದಿನ ನುಂಗುತ್ತದೆ. ರಾತ್ರಿಯ ರಾಣಿ ಚೆನ್ನಮ್ಮ ಹತ್ತಿ. ಮಲಗಿ ಎದ್ದರೆ ಬೆಂಗಳೂರು. ಹಬ್ಬದ ವಾರ ಬಿಟ್ಟರೆ ಮುಂಚಿತವಾಗಿ ಬುಕ್ ಮಾಡಿದವರಿಗೆ ಸೀಟಿಗೆ ಅಷ್ಟೇನೂ ತೊಂದರೆಯಿಲ್ಲ. ಬೆಂಗಳೂರಿನಲ್ಲಿ ಆ ಮೂರು ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ಭಾವಮೈದುನನ ಮನೆ ಮೊದಲ ಎರಡು ತಿಂಗಳಿಗೆ ಸರಿ, ಮೂರನೆಯದಕ್ಕೆ ಪಿ.ಜಿ. ಹುಡುಕಬೇಕಾಗುತ್ತದೆ.

ಇನ್ನು ಚೆಂದದ ಮಾತು. ಧಾರವಾಡದಲ್ಲಿ ದುಡ್ಡು ಕೊಡದೆ ಸಿಗುವ ಸಂಜೆಗಳಿವೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸವೋ ಪುಸ್ತಕ ಬಿಡುಗಡೆಯೋ ಏನೋ ಒಂದು ನಡೆಯುತ್ತಲೇ ಇರುತ್ತದೆ, ಟಿಕೆಟ್ಟಿಲ್ಲ. ಕೊನೆಗೆ ಚಹಾ ಕೊಟ್ಟರೂ ಕೊಟ್ಟರು. ಸಂಗೀತ ಕೇಳುವ ಕಿವಿಯಿದ್ದರಂತೂ ಮಲ್ಲಿಕಾರ್ಜುನ ಮನಸೂರರ ಊರು ಅದು. ವಿಶ್ವವಿದ್ಯಾಲಯದ ಆವರಣ, ಕೃಷಿ ವಿಶ್ವವಿದ್ಯಾಲಯದ ಹೊಲಗಳು, ಕೆಲಗೇರಿ ಕೆರೆ, ಸಾಧನಕೇರಿ, ಮಗಳ ಸೈಕಲ್ಲಿಗೆ ಇಷ್ಟು ಸಾಕು. ಮನೆ ಹುಡುಕುವಾಗ ಸಪ್ತಾಪುರದ ಸುತ್ತ ಹೋಗಬೇಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಒಂದೊಂದು ಕೋಣೆಗೆ ಮೂವರಂತೆ ತುಂಬಿಕೊಂಡು ಬಾಡಿಗೆ ಏರಿಸಿಟ್ಟಿದ್ದಾರೆ. ಮಾಳಮಡ್ಡಿ, ಕಲ್ಯಾಣನಗರದ ಕಡೆ ನೋಡಿ.

ನೀರಿನ ವಿಷಯಕ್ಕೆ ಬರುತ್ತೇನೆ. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಬರುತ್ತದೆ. 2008ರಲ್ಲೇ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಆರಂಭವಾಯಿತು. ಆ ಬಡಾವಣೆಯವರು ಪುಣ್ಯವಂತರು. ಉಳಿದವರು ದಿನ ಎಣಿಸುತ್ತಾರೆ. ನಾನಿದ್ದ ಓಣಿಯಲ್ಲಿ ನೀರು ಬರುವ ಹೊತ್ತಿಗೆ ಗೊತ್ತುಗುರಿ ಇರಲಿಲ್ಲ. ರಾತ್ರಿ ನಲ್ಲಿ ಮೊದಲು ಬುಸ್ಸೆಂದು ಗಾಳಿ ಉಗುಳುವುದು, ಆಮೇಲೆ ಒಂದಿಷ್ಟು ಕೆಂಪು ನೀರು, ಆಮೇಲೆ ತಿಳಿ. ಪಕ್ಕದ ಮನೆಯಾಕೆ ಗೋಡೆ ಮೇಲಿಂದ ‘ನೀರ ಬಂದಾವ್ರೀ ಬಾಯಾರ, ಏಳ್ರೀ’ ಎಂದು ಕೂಗಿದ ಕೂಡಲೇ ಓಣಿಯಲ್ಲಿ ಒಂದಾದ ಮೇಲೊಂದು ದೀಪ ಹತ್ತುತ್ತಿದ್ದವು. ಸಂಪಿಗೆ ಪೈಪು ಬಿಟ್ಟು, ತಾಮ್ರದ ಹಂಡೆ ತುಂಬಿ, ಮೇಲಿನ ಟ್ಯಾಂಕಿಗೆ ಮೋಟಾರು ಹಾಕಿ, ಕಟ್ಟೆಯ ಮೇಲೆ ಕೂತು ಎಲ್ಲರೂ ಹರಟುತ್ತಿದ್ದೆವು. ಊರಿನ ಅರ್ಧ ಸುದ್ದಿ ನನಗೆ ತಿಳಿದದ್ದೇ ಆ ಹೊತ್ತಿನಲ್ಲಿ. ಈಗ ಸುಧಾರಿಸಿದ ವಾರ್ಡುಗಳೂ ಇವೆ, ಸುಧಾರಿಸದವೂ ಇವೆ. ಮನೆ ನೋಡಲು ಹೋದಾಗ ಹಾಲ್ ಎಷ್ಟು ದೊಡ್ಡದು ಎಂದು ಅಳೆಯುತ್ತಾ ನಿಲ್ಲಬೇಡಿ, ಸಂಪಿನ ಮುಚ್ಚಳ ತೆಗೆಸಿ ಎಷ್ಟು ಆಳ ಇದೆ ನೋಡಿ. ನೀರು ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಮಾಲೀಕರನ್ನಲ್ಲ, ಎದುರುಮನೆಯವರನ್ನು ಕೇಳಿ.

ಪ್ರಶ್ನೆ: ನಾನು 67, ಹೆಂಡತಿ 63. ಪಿಂಚಣಿ 41,000. ಎರಡು ವರ್ಷದ ಹಿಂದೆ ನನಗೆ ಸ್ಟೆಂಟ್ ಹಾಕಿದ್ದಾರೆ. ಮಗ ಕೆನಡಾದಲ್ಲಿ. ರಾಜಾಜಿನಗರದ ಫ್ಲ್ಯಾಟ್ ಮಾರಿ, ಶಿರಸಿ ಹತ್ತಿರದ ಹಳ್ಳಿಯಲ್ಲಿ ಹಳೆಯ ಹೆಂಚಿನ ಮನೆ ಕೊಂಡು, ಶಾಂತವಾಗಿ ಇರಬೇಕೆಂದಿದ್ದೇವೆ. ಹೆಂಡತಿಗೆ ಮಂಡಿ ನೋವು.
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಬೇಡ.

ಕಾರಣ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಶಿರಸಿ ನನಗೂ ಇಷ್ಟದ ಊರು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆ ಜಾತ್ರೆಗೆ ಈಗಲೂ ಹೋಗುತ್ತೇನೆ. ಅಡಿಕೆ ವ್ಯಾಪಾರದ ದುಡ್ಡು, ಸಹಕಾರ ಸಂಘಗಳ ಶಿಸ್ತು, ಒಳ್ಳೆಯ ಊಟ ಎಲ್ಲ ಉಂಟು. ಇಲ್ಲದ್ದು ರೈಲು ಮತ್ತು ದೊಡ್ಡ ಆಸ್ಪತ್ರೆ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಆ ಜಿಲ್ಲೆಯ ಜನ ವರ್ಷಗಳಿಂದ ಕೂಗುತ್ತಿರುವುದನ್ನು ನೀವೂ ಓದಿರುತ್ತೀರಿ. ಎದೆ ಹಿಡಿದುಕೊಂಡರೆ ಹುಬ್ಬಳ್ಳಿಗೆ 100 ಕಿ.ಮೀ. ಓಡಬೇಕು, ಅದೂ ಹಳ್ಳಿಯಿಂದ ಶಿರಸಿಗೆ ಬಂದ ಮೇಲಿನ ಲೆಕ್ಕ. ಜುಲೈ ರಾತ್ರಿ, ರಸ್ತೆಗೆ ಮರ ಬಿದ್ದಿದೆ, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ ಎಂದುಕೊಂಡು ಒಮ್ಮೆ ಮನಸ್ಸಿನಲ್ಲೇ ಆ ದಾರಿ ಹೋಗಿ ಬನ್ನಿ.

ಮಂಡಿ ನೋವಿನವರಿಗೆ ಮಲೆನಾಡಿನ ಅಂಗಳ ಇನ್ನೂ ಕಷ್ಟ. ಮಳೆ ಹಿಡಿದ ಮೇಲೆ ಕಲ್ಲಿನ ಮೆಟ್ಟಿಲಿಗೆಲ್ಲ ಪಾಚಿ. ಊರಿನವರು ಅಡಿಕೆ ಸೋಗೆ ಹಾಸಿ, ಸುಣ್ಣ ಉಜ್ಜಿ, ಕಾಲೂರುವ ಬಗೆಯನ್ನು ಚಿಕ್ಕಂದಿನಿಂದ ಕಲಿತಿರುತ್ತಾರೆ. ನಾವು ರಾಜಾಜಿನಗರದ ಟೈಲ್ಸಿನಿಂದ ಬಂದವರು. ಹೆಂಚಿನ ಮನೆಯೆಂದರೆ ಪ್ರತಿ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಬೇಕು, ಮಂಗ ಹಾರಿ ಒಡೆದದ್ದನ್ನು ಬದಲಿಸಬೇಕು. ಆ ಕೆಲಸಕ್ಕೆ ಆಳು ಸಿಕ್ಕರೆ ನಿಮ್ಮ ಅದೃಷ್ಟ.

ಹಸಿರೇ ಬೇಕೆಂದರೆ ಶಿವಮೊಗ್ಗ ಪಟ್ಟಣದೊಳಗೇ, ವಿನೋಬನಗರದಂಥ ಕಡೆ, ನೆಲಮಹಡಿಯ ಮನೆ ಬಾಡಿಗೆಗೆ ಹಿಡಿಯಿರಿ. ಹೃದಯದ ಡಾಕ್ಟರು ಆಟೋ ದೂರದಲ್ಲಿ. ತುಂಗೆ ಊರೊಳಗೇ ಹರಿಯುತ್ತಾಳೆ. ಸಕ್ರೆಬೈಲಿನ ಆನೆ ನೋಡಿ ಊಟದ ಹೊತ್ತಿಗೆ ಮನೆಗೆ ಬರಬಹುದು. ಮಲೆನಾಡು ಕಾಣಬೇಕೆನಿಸಿದ ದಿನ ತಾಳಗುಪ್ಪದ ರೈಲು ಹತ್ತಿ ಸಾಗರಕ್ಕೆ ಹೋಗಿ. ಅಲ್ಲಿಂದ ಹೆಗ್ಗೋಡಿನ ನೀನಾಸಂ ಹತ್ತಿರ, ನಾಟಕ ನೋಡಿ ಬನ್ನಿ. 2023ರ ಫೆಬ್ರುವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆಯಿತು, ಮಗನಿಗೆ ಹೇಳಿ. ಬೇಸಿಗೆ ಮಾತ್ರ ಶಿವಮೊಗ್ಗದಲ್ಲಿ ಬಿಸಿಯೇ. ಮಲೆನಾಡಿನ ಹೆಬ್ಬಾಗಿಲು ಎಂಬ ಹೆಸರು ಕೇಳಿ ತಂಪೆಂದುಕೊಂಡು ಬಂದವರು ಏಪ್ರಿಲಿನಲ್ಲಿ ಎ.ಸಿ. ಅಂಗಡಿ ಹುಡುಕುತ್ತಾರೆ. ಅದು ಬೇಡವಾದರೆ ಮೈಸೂರು. ಪಿಂಚಣಿದಾರರ ಸ್ವರ್ಗ ಎಂಬ ಹೆಸರು ಹಳತಾಗಿ ಬಾಡಿಗೆ ಏರಿದೆಯಾದರೂ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಅಲ್ಲಿದೆ, ನೀರಿದೆ, ಕೂರಲು ಪಾರ್ಕಿದೆ.

ರಾಜಾಜಿನಗರದ ಫ್ಲ್ಯಾಟನ್ನು ಮಾರಬೇಡಿ. ಬಾಡಿಗೆಗೆ ಕೊಡಿ. ಶಿವಮೊಗ್ಗದ ಬಾಡಿಗೆ ಕೊಟ್ಟು ಔಷಧಿಗೂ ಅದರಲ್ಲೇ ಉಳಿಯುತ್ತದೆ, ವಾಪಸು ಬರುವ ಬಾಗಿಲೂ ತೆರೆದಿರುತ್ತದೆ. ಮಾರಾಟದ ಮಾತು ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಕಳೆದ ಮೇಲೆ.

ಪ್ರಶ್ನೆ: ಚಿಕ್ಕಮಗಳೂರು ಹೇಗೆ?
– ಓದುಗರೊಬ್ಬರು, ಹೆಬ್ಬಾಳ

ಉತ್ತರ: ಸೋಮವಾರದಿಂದ ಗುರುವಾರದವರೆಗೆ ಬಹಳ ಚೆನ್ನಾಗಿದೆ. ಆಮೇಲೆ ನೀವು ಯಾರಿಂದ ತಪ್ಪಿಸಿಕೊಂಡು ಬಂದಿರೋ ಅವರೆಲ್ಲ ಅಲ್ಲಿಗೇ ಬರುತ್ತಾರೆ.

ಪ್ರಶ್ನೆ: ನಾನು ಪೀಣ್ಯದಲ್ಲಿ ಎಲೆಕ್ಟ್ರಿಷಿಯನ್, ಸಂಬಳ 26,000. ಹೆಂಡತಿ ಅಲ್ಲೇ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಲಗ್ಗೆರೆಯಲ್ಲಿ ಒಂದು ಬೆಡ್‌ರೂಮಿಗೆ 9,500. ಇಬ್ಬರು ಮಕ್ಕಳು, 6 ಮತ್ತು 4ನೇ ತರಗತಿ. ತುಮಕೂರಿಗೆ ಮನೆ ಬದಲಿಸಿ ದಿನಾ ಓಡಾಡಿದರೆ ಹೇಗೆ? ಅಲ್ಲಿಗೆ ಮೆಟ್ರೊ ಬರುತ್ತದಂತೆ, ಈಗಲೇ ಒಂದು ಸೈಟಿಗೆ ಮುಂಗಡ ಕೊಡಿ ಎನ್ನುತ್ತಿದ್ದಾರೆ.
– ಓದುಗರೊಬ್ಬರು, ಲಗ್ಗೆರೆ

ಉತ್ತರ: ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದಿದೆ. ಅಲ್ಲಿಂದ ತುಮಕೂರಿಗೆ ಬರುವುದು ಸದ್ಯಕ್ಕೆ ಕಾಗದದ ಮೇಲೆ. ಕಾಗದದ ಮೇಲಿನ ರೈಲಿಗೆ ಕೈಯಲ್ಲಿರುವ ದುಡ್ಡು ಕೊಡಬೇಡಿ. ಮುಂಗಡ ಕೇಳಿದವರಿಗೆ ‘ಮೆಟ್ರೊ ಬಂದ ದಿನವೇ ಕೊಡುತ್ತೇನೆ’ ಎಂದು ಹೇಳಿ, ಮತ್ತೆ ಫೋನ್ ಬರುವುದಿಲ್ಲ.

ಓಡಾಟದ ದುಡ್ಡಿನ ಲೆಕ್ಕ ನಿಮ್ಮ ಪರವಾಗಿಯೇ ಇದೆ. ರೈಲಿನ ತಿಂಗಳ ಪಾಸು ಅಗ್ಗ. ತುಮಕೂರಿನಲ್ಲಿ ಹತ್ತಿ ಯಶವಂತಪುರದಲ್ಲಿ ಇಳಿದರೆ ಪಕ್ಕದಲ್ಲೇ ಪೀಣ್ಯದ ಮೆಟ್ರೊ. ನಿಮ್ಮ ಹೆಂಡತಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ. ಬಾಡಿಗೆ ಮನೆಗೂ ಗೃಹಜ್ಯೋತಿ ಸಿಗುತ್ತದೆ, ಲಗ್ಗೆರೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ ಹೊಸ ಮನೆಯ ಆರ್.ಆರ್. ನಂಬರಿಗೆ ಜೋಡಿಸಬೇಕು, ಅಷ್ಟೆ.

ಆದರೆ ಗಡಿಯಾರದ ಲೆಕ್ಕ ಬೇರೆ. ಇಬ್ಬರೂ ಬೆಳಗಾಗುವ ಮುಂಚೆ ಹೊರಟು ಕತ್ತಲಾದ ಮೇಲೆ ಮನೆ ಸೇರಿದರೆ, ಶಾಲೆ ಬಿಟ್ಟು ಬಂದ ನಾಲ್ಕನೇ ತರಗತಿಯ ಮಗುವಿಗೆ ಬಾಗಿಲು ತೆಗೆಯುವವರು ಯಾರು? ಲಗ್ಗೆರೆಯಲ್ಲಿ ಪಕ್ಕದ ಮನೆಯವರು ಆರೇಳು ವರ್ಷದ ಪರಿಚಯ, ಒಂದು ಕಣ್ಣಿಟ್ಟಿರುತ್ತಾರೆ. ಹೊಸ ಊರಿನಲ್ಲಿ ಅಂಥವರು ಸಿಗಲು ಕಾಲ ಬೇಕು. ಹಾಗಾಗಿ ಮನೆ ಮಾತ್ರ ಬದಲಿಸುವುದಾದರೆ ನಾನು ಒಪ್ಪುವುದಿಲ್ಲ. ಕೆಲಸವನ್ನೂ ಬದಲಿಸುವುದಾದರೆ ತುಮಕೂರು ನಿಮಗೆ ಸರಿಯಾದ ಊರು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಆಹಾರ ಸಂಸ್ಕರಣೆ, ಯಂತ್ರೋಪಕರಣದ ಘಟಕಗಳಿವೆ. ಕಾರ್ಖಾನೆಯ ವೈರಿಂಗ್, ಪ್ಯಾನಲ್ ಬೋರ್ಡ್ ಬಲ್ಲವರಿಗೆ ಅಲ್ಲಿ ಬೇಡಿಕೆಯಿದೆ. ಸಂಬಳ 22,000ಕ್ಕೆ ಇಳಿದರೂ ಸಂಜೆ ಆರಕ್ಕೆ ಮನೆಯಲ್ಲಿರುತ್ತೀರಿ, ಊರಿನಲ್ಲಿ ಬಿಡಿ ವೈರಿಂಗ್ ಕೆಲಸ ಹಿಡಿದರೆ ಆ ನಾಲ್ಕು ಸಾವಿರವನ್ನು ನಾಲ್ಕು ಭಾನುವಾರ ದುಡಿದುಕೊಡುತ್ತವೆ. ಒಂದು ವಾರ ರಜೆ ಹಾಕಿ ಅಲ್ಲಿನ ಗೇಟುಗಳ ಮುಂದೆ ತಿರುಗಿ. ಮನೆ ಆಮೇಲೆ.

ಪ್ರಶ್ನೆ: ವಯಸ್ಸು 44, ಮದುವೆಯಾಗಿಲ್ಲ, ಮನೆಯಿಂದಲೇ ಅನುವಾದದ ಕೆಲಸ. ತಿಂಗಳಿಗೆ ಸುಮಾರು 40,000. ಸಮುದ್ರದ ಹತ್ತಿರ ಇರಬೇಕೆಂಬುದು ಬಹಳ ಕಾಲದ ಆಸೆ. ಕುಂದಾಪುರ ಮನಸ್ಸಿನಲ್ಲಿದೆ. ಒಂಟಿ ಹೆಂಗಸಿಗೆ ಮನೆ ಕೊಡುತ್ತಾರಾ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಕೊಡುತ್ತಾರೆ. ನನಗೆ ಕೊಟ್ಟಿದ್ದರು. ನನ್ನವರು ಆಗ ಬೇರೆ ಊರಿನ ನೌಕರಿಯಲ್ಲಿದ್ದರು, ಹಾಗಾಗಿ ಓಣಿಯ ಕಣ್ಣಿಗೆ ನಾನೂ ಒಂಟಿಯೇ. ಮೊದಲ ವಾರ ‘ಎಂತ ಕೆಲಸ, ಊರು ಯಾವ್ದು, ಮನೆಗೆ ಯಾರ್ಯಾರು ಬತ್ರ್’ ಎಂದು ನೇರವಾಗಿ ಕೇಳುತ್ತಾರೆ. ಬೆಂಗಳೂರಿನಲ್ಲಿ ಇದನ್ನೇ ಬ್ರೋಕರ್ ಮೂಲಕ ಸುತ್ತಿಬಳಸಿ ಕೇಳುತ್ತಾರೆ, ಇಷ್ಟೇ ವ್ಯತ್ಯಾಸ. ಒಮ್ಮೆ ಉತ್ತರ ಸಿಕ್ಕಿದ ಮೇಲೆ ಅವರ ಪಾಡಿಗೆ ಅವರು. ಕರಾವಳಿಯಲ್ಲಿ ಹೆಂಗಸರು ಬ್ಯಾಂಕು, ಶಾಲೆ, ಗೇರುಬೀಜದ ಕಾರ್ಖಾನೆ, ಮೀನು ಮಾರುಕಟ್ಟೆ ಎಲ್ಲ ಕಡೆ ದುಡಿಯುವುದನ್ನು ನೋಡಿದ ಊರುಗಳವು, ದುಡಿಯುವ ಹೆಂಗಸು ಅಲ್ಲಿ ವಿಚಿತ್ರವಲ್ಲ.

ಮುಂಬೈ ಹೋಟೆಲಿನ ದುಡ್ಡು, ಗಲ್ಫಿನ ದುಡ್ಡು ಸೇರಿ ಆ ಕಡೆ ಜಾಗದ ಬೆಲೆ ಏರಿದೆ, ಕೊಳ್ಳುವ ಯೋಚನೆ ಬೇಡ. ಆದರೆ ಅದೇ ದುಡ್ಡಿನಲ್ಲಿ ಕೊಂಡು ಬೀಗ ಹಾಕಿಟ್ಟ ಫ್ಲ್ಯಾಟುಗಳೂ ಸಾಕಷ್ಟಿವೆ. ಮನೆ ಶುಚಿಯಾಗಿಡುವ ಒಬ್ಬರು ಸಿಕ್ಕರೆ ಮಾಲೀಕರಿಗೂ ನೆಮ್ಮದಿ. ನಿಮ್ಮಂಥವರಿಗೆ ಬಾಡಿಗೆಯಲ್ಲಿ ಚೌಕಾಸಿ ಮಾಡುವ ಅವಕಾಶ ಇರುವುದು ಅಲ್ಲೇ. ಸಮುದ್ರಕ್ಕೆ ತಾಗಿದ ಮನೆ ಮಾತ್ರ ಹಿಡಿಯಬೇಡಿ. ಉಪ್ಪುಗಾಳಿಗೆ ಗ್ರಿಲ್ಲು, ಫ್ರಿಜ್ಜು, ಲ್ಯಾಪ್‌ಟಾಪಿನ ಸ್ಕ್ರೂ ಕೂಡ ತುಕ್ಕು ಹಿಡಿಯುತ್ತವೆ. ಹೊಳೆಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ಕೋಡಿ ಕಡಲತೀರಕ್ಕೆ ಸಂಜೆ ನಡೆದೋ ಆಟೋದಲ್ಲೋ ಹೋದರಾಯಿತು.

ಮಳೆಗಾಲದ ಬಗ್ಗೆ ಯಾರೂ ನಿಮಗೆ ಸರಿಯಾಗಿ ಹೇಳಿರುವುದಿಲ್ಲ. ಜೂನ್ ಎರಡನೇ ವಾರದಿಂದ ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ. ಬೆಂಕಿಪೊಟ್ಟಣ ಗೀರಿದರೆ ಮದ್ದು ಉದುರುತ್ತದೆ. ಕಪಾಟಿನಲ್ಲಿಟ್ಟ ಚರ್ಮದ ಬ್ಯಾಗಿಗೆ ಹಸಿರು ಬೂಸಲು ಬಂದು, ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ. ಒಳಉಡುಪು ಒಣಗಿಸಲು ಇಸ್ತ್ರಿಪೆಟ್ಟಿಗೆಯೇ ಗತಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನು ದುಬಾರಿ. ತಿನ್ನುವವರಾದರೆ ಮೇ ತಿಂಗಳಲ್ಲೇ ಒಣಮೀನು ಕಟ್ಟಿಟ್ಟುಕೊಳ್ಳಿ. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ಅನುವಾದದ ಗಡುವಿದ್ದರೆ ಒಳ್ಳೆಯ ಇನ್ವರ್ಟರ್ ಮೊದಲ ಖರೀದಿಯಾಗಲಿ. ಇಷ್ಟೆಲ್ಲ ಆದ ಮೇಲೂ ಆ ಮಳೆಯ ಸದ್ದಿಗೆ ಕಿವಿ ಒಗ್ಗಿದವರು ಬೇರೆ ಊರಿನಲ್ಲಿ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ನನಗೂ ಕೆಲವು ಕಾಲ ಹಾಗೇ ಆಗಿತ್ತು.

ಇನ್ನೊಂದು ಲೆಕ್ಕ: ಆ ಭಾಗದಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯ. ಕೈ ಮಾಡಿದಲ್ಲಿ ನಿಲ್ಲಿಸುತ್ತವೆ, ಆದರೆ ಶಕ್ತಿ ಯೋಜನೆ ಅವಕ್ಕೆ ಅನ್ವಯಿಸುವುದಿಲ್ಲ, ಟಿಕೆಟ್ಟಿಗೆ ದುಡ್ಡಿಡಿ. ಮಣಿಪಾಲದ ಆಸ್ಪತ್ರೆ ಗಂಟೆಯೊಳಗೆ ಸಿಗುತ್ತದೆ. ಬೆಂಗಳೂರಿಗೆ ರಾತ್ರಿ ಪಂಚಗಂಗಾ ರೈಲಿದೆ. 40,000ದಲ್ಲಿ ನೀವು ಅಲ್ಲಿ ಹಾಯಾಗಿರಬಹುದು. ಹೋಗಿ ಬನ್ನಿ ಎನ್ನುವುದಿಲ್ಲ, ಹೋಗಿ ಇರಿ. ಜೂನ್‌ನಲ್ಲೇ ಹೋಗಿ.

ಪ್ರಶ್ನೆ: ಮಸ್ಕತ್‌ನಲ್ಲಿ 14 ವರ್ಷದಿಂದ ಇದ್ದೇನೆ. ಇನ್ನು ನಾಲ್ಕು ವರ್ಷಕ್ಕೆ ದಾವಣಗೆರೆಗೆ ವಾಪಸು ಬರಬೇಕೆಂದಿದೆ. ಊರ ಹೊರಗೆ 30x40 ಸೈಟು 9 ಲಕ್ಷಕ್ಕೆ ಸಿಗುತ್ತಿದೆ. ‘ರೆವಿನ್ಯೂ ಸೈಟು, ಮುಂದೆ ಎಲ್ಲಾ ಸರಿಯಾಗುತ್ತೆ, ಈಗ ಯಾರು ಬೇಕಾದರೂ ಕೃಷಿ ಜಮೀನು ತಗೋಬಹುದು’ ಎನ್ನುತ್ತಾರೆ. ಕೊಳ್ಳಲೇ?
– ಓದುಗರೊಬ್ಬರು, ಮಸ್ಕತ್

ಉತ್ತರ: ಇದು ನನ್ನ ಹಳೆಯ ಮೇಜಿನ ಕೆಲಸ. ರೆವಿನ್ಯೂ ಸೈಟು ಎಂದರೆ ದಾಖಲೆಯಲ್ಲಿ ಅದು ಇನ್ನೂ ಹೊಲ. ಕಲ್ಲು ನೆಟ್ಟು, ಸುಣ್ಣ ಬಳಿದು, ಕಮಾನು ಕಟ್ಟಿ ‘ನಗರ’ ಎಂದು ಹೆಸರಿಟ್ಟ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾದದ್ದು ನಿಜ. ಆದರೆ ಅದು ರಾಜ್ಯದ ಕಾನೂನು. ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಬಾರದು ಎನ್ನುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ, ಫೆಮಾ. ಅದು ಬದಲಾಗಿಲ್ಲ. ಮಸ್ಕತ್‌ನಲ್ಲಿ ಕೂತು ನೀವು ಆ ‘ಸೈಟು’ ಬರೆಸಿಕೊಂಡರೆ ಕಾನೂನಿನ ಕಣ್ಣಿಗೆ ಹೊಲ ಕೊಂಡಂತೆ. ದಲ್ಲಾಳಿ ನಿಮಗೆ ಅರ್ಧ ಸತ್ಯ ಹೇಳಿದ್ದಾನೆ, ಉಳಿದರ್ಧ ನಿಮ್ಮ ತಲೆಗೆ ಬರುತ್ತದೆ.

ಭೂಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ನಗರ ವ್ಯಾಪ್ತಿಯಾದರೆ ಇ-ಖಾತಾ, ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಕಡಿಮೆಯೆಂದರೆ 30 ವರ್ಷದ ಋಣಭಾರ ಪತ್ರ, ಇವುಗಳಲ್ಲಿ ಒಂದು ಇಲ್ಲದಿದ್ದರೂ ಎದ್ದು ಬನ್ನಿ. ಇಂಥ ಸೈಟಿಗೆ ನಮ್ಮ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಮಾರುವವರು ‘ಲೋನ್ ಯಾಕೆ ಸರ್, ನೀವು ಕ್ಯಾಶ್ ಪಾರ್ಟಿ’ ಎಂದು ಹೊಗಳುವುದು ಅದಕ್ಕೇ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ನಾಲ್ಕು ವರ್ಷ ಇದೆಯಲ್ಲ, ಆತುರ ಏಕೆ? ದಾವಣಗೆರೆಯಲ್ಲಿ ಬಾಡಿಗೆಗೇ ಒಳ್ಳೆಯ ಮನೆಗಳು ಸಿಗುತ್ತವೆ. ವೈದ್ಯಕೀಯ ಕಾಲೇಜುಗಳೇ ಎರಡಿವೆ, ವಂದೇ ಭಾರತ್ ನಿಲ್ಲುತ್ತದೆ, ಬೆಣ್ಣೆ ದೋಸೆಯನ್ನು ನಾನು ನಿಮಗೆ ಹೇಳಬೇಕಿಲ್ಲ. ಮಸ್ಕತ್ತಿನವರಿಗೆ ದಾವಣಗೆರೆಯ ಬಿಸಿಲೂ ಲೆಕ್ಕಕ್ಕಿಲ್ಲ.

ಪ್ರಶ್ನೆ: ಎಲ್ಲರಿಗೂ ಊರು ಹೇಳುತ್ತೀರಿ. ನೀವೇಕೆ ಅರಸೀಕೆರೆಯಲ್ಲಿ ನೆಲೆಸಿದ್ದೀರಿ? ಅದು ರೈಲು ಬದಲಿಸುವ ಊರು ಎಂದಷ್ಟೇ ನನಗೆ ಗೊತ್ತು.
– ಓದುಗರೊಬ್ಬರು, ಮಂಡ್ಯ

ಉತ್ತರ: ನಾನು ಇಲ್ಲಿರುವುದೂ ಅದಕ್ಕೇ. ಮಗಳು ಬೆಂಗಳೂರಿನಲ್ಲಿ, ತಂಗಿ ಮೈಸೂರಿನಲ್ಲಿ, ಗೆಳತಿಯರು ಧಾರವಾಡ, ಶಿವಮೊಗ್ಗಗಳಲ್ಲಿ. ಹಾಸನದ ಮೇಲಿಂದ ಮಂಗಳೂರಿನ ಕಡೆಗೂ ದಾರಿಯಿದೆ. ಎಲ್ಲ ದಿಕ್ಕಿಗೂ ರೈಲು ಇರುವ, ಬಾಡಿಗೆ ಬೆನ್ನು ಮುರಿಯದ ಊರು ನನ್ನ ಪಿಂಚಣಿಗೆ ಇದೇ. ಮನೆಯಿಂದ ಸ್ಟೇಷನ್ನಿಗೆ ನಡೆದೇ ಹೋಗುತ್ತೇನೆ. ಹೊಯ್ಸಳರ ಕಾಲದ ಈಶ್ವರ ದೇವಾಲಯ ಊರಂಚಿಗಿದೆ, ಅದರ ಮುಂದಿನ ನಕ್ಷತ್ರಾಕಾರದ ಮಂಟಪ ಬೇಲೂರಿನವರಿಗೂ ಇಲ್ಲ. ಬೇಲೂರಿನಲ್ಲಿ ಗೈಡ್ ಹಿಡಿದು ನೂಕುನುಗ್ಗಲಿನಲ್ಲಿ ನೋಡುವವರು ಇಲ್ಲಿಗೆ ಬರುವುದಿಲ್ಲ, ಜಗುಲಿಯಲ್ಲಿ ಒಬ್ಬಳೇ ಕೂತು ತರಕಾರಿ ಚೀಲ ಪಕ್ಕದಲ್ಲಿಟ್ಟು ದಣಿವಾರಿಸಿಕೊಳ್ಳುತ್ತೇನೆ. ಎಳನೀರಿಗೆ, ಕೊಬ್ಬರಿಗೆ ಬರವಿಲ್ಲ, ಮಳೆಗೆ ಇದೆ. ಕೆರೆ ಎಂಬ ಹೆಸರಿದ್ದರೂ ಇದು ಬಯಲುಸೀಮೆ. ಈ ತಾಲ್ಲೂಕಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಬರುವ ಯೋಚನೆಯಿದ್ದರೆ ಹೇಮಾವತಿ ನೀರಿನ ನಲ್ಲಿ ಇರುವ ಬೀದಿಯಲ್ಲೇ ಮನೆ ಹಿಡಿಯಿರಿ, ಬೋರ್‌ವೆಲ್ ನೀರನ್ನು ಪಾತ್ರೆ ತೊಳೆಯಲಷ್ಟೇ ಬಳಸಿ.

ಮುಂದಿನ ಕಂತಿಗೆ ಬರೆಯುವವರು ‘ಒಳ್ಳೆಯ ಊರು ಹೇಳಿ’ ಎಂದಷ್ಟೇ ಬರೆಯಬೇಡಿ. ತಿಂಗಳ ಆದಾಯ, ಮನೆಯಲ್ಲಿ ಯಾರ್ಯಾರಿದ್ದೀರಿ, ಯಾವ ಔಷಧಿ ನಡೆಯುತ್ತಿದೆ, ಮಕ್ಕಳು ಯಾವ ತರಗತಿ, ತಿಂಗಳಿಗೆ ಎಷ್ಟು ಸಲ ಎಲ್ಲಿಗೆ ಹೋಗಲೇಬೇಕು, ಇಷ್ಟನ್ನು ತಿಳಿಸಿ. ಮೆಟ್ಟಿಲು ಹತ್ತಲಾಗದವರಿದ್ದರೆ ಅದನ್ನೂ.